ಯಾತ್ರಿಕ ಮಾತೆಗಾಗಿ ಆರು ವಾರದ ತಯಾರಿ

ಭಾನುವಾರದ ಪೂಜೆ ಮುಗಿಯುವ ಹೊತ್ತಿಗೆ ಫಾದರ್ ಒಂದು ಪತ್ರ ಓದಿದರು. ಫಾತಿಮಾ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಮ್ಮನವರ, ಊರೂರು ಸುತ್ತುವ ಯಾತ್ರಾ ಪ್ರತಿಮೆ ನಮ್ಮ ಧರ್ಮಕೇಂದ್ರಕ್ಕೂ ಬರಲಿದೆ. ಶನಿವಾರ ಸಂಜೆ ನಾಲ್ಕಕ್ಕೆ ಬಂದು ಭಾನುವಾರ ಮಧ್ಯಾಹ್ನ ಎರಡಕ್ಕೆ ಹೊರಡುತ್ತದೆ. ಒಟ್ಟು 22 ಗಂಟೆ. ತಯಾರಿಗೆ ನಮಗಿದ್ದದ್ದು ಆರು ವಾರ.

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಆದರೆ ಆ ಹೊತ್ತಿನಲ್ಲೇ ನನ್ನ ತಲೆಯಲ್ಲಿ ಹದಿನೇಳು ಮನೆಗಳ ಬಾಗಿಲು ಬಂದು ಹೋದವು. ಎಂಟು ವರ್ಷದಿಂದ ನಾನು ಪ್ರತಿ ಭಾನುವಾರ ಹಾಸಿಗೆ ಹಿಡಿದವರ ಮನೆಗೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ, ಒಯ್ಯುತ್ತೇನೆ. ಈ ಪತ್ರದ ಸುದ್ದಿಯನ್ನು ಅವರಿಗೆಲ್ಲ ನಾನೇ ಹೇಳಬೇಕು. ಹೇಳಿದ ಮೇಲೆ ಅವರು ಕೇಳುವ ಪ್ರಶ್ನೆಯೂ ಗೊತ್ತಿತ್ತು. "ನಾನು ಹೇಗೆ ನೋಡಲಿ?"

ಮೊದಲ ಸಭೆಯಲ್ಲಿ ಸುಮಾರು ನಲವತ್ತು ಜನ ಇದ್ದೆವು. ಕೆಲಸಗಳನ್ನು ಹಂಚಿಕೊಂಡೆವು. ಹೂವು, ಬೆಳಕು, ಧ್ವನಿವರ್ಧಕ, ಗಾನವೃಂದ, ವಾಹನ ನಿಲುಗಡೆ, ಮೆರವಣಿಗೆ. ಎಲ್ಲದಕ್ಕೂ ಉತ್ಸಾಹದಿಂದ ಕೈ ಎತ್ತುವವರಿದ್ದರು. ಕೊನೆಗೆ ನಾನು ಬರಲಾಗದವರ ವಿಷಯ ತೆಗೆದೆ. ಫಾದರ್ ಪತ್ರದ ಜೊತೆ ಬಂದ ಸೂಚನೆಗಳನ್ನು ಮತ್ತೊಮ್ಮೆ ಓದಿದರು. ಪ್ರತಿಮೆಯನ್ನು ಖಾಸಗಿ ಮನೆಗಳ ಒಳಗೆ ಒಯ್ಯುವಂತಿಲ್ಲ. ಬರಿಗೈಯಲ್ಲಿ ಮುಟ್ಟುವಂತಿಲ್ಲ. ಜೊತೆಗೆ ಬರುವ ಪಾಲಕರನ್ನು ಬಿಟ್ಟು ಬೇರೆ ಯಾರೂ ಎತ್ತಿ ಇಡುವಂತಿಲ್ಲ. ಬಾಗಿಲು ಮುಚ್ಚಿತು ಅಂದುಕೊಂಡೆ. ಅಷ್ಟರಲ್ಲಿ ಫಾದರ್ ಕಾಗದ ಕೆಳಗಿಟ್ಟು ಅಂದರು: "ಮನೆಯೊಳಗೆ ಬೇಡ ಅಂತ ಇದೆ. ಮೆರವಣಿಗೆ ಯಾವ ದಾರಿಯಲ್ಲಿ ಹೋಗಬೇಕು ಅಂತ ಇದರಲ್ಲಿ ಇಲ್ಲ. ಅದು ನಮಗೆ ಬಿಟ್ಟದ್ದು."

ನನ್ನ ಆರು ವಾರ ಆ ಒಂದು ಮಾತಿನ ಮೇಲೆ ನಡೆಯಿತು.

ಆ ರಾತ್ರಿ ಯಾತ್ರಾ ಪ್ರತಿಮೆಯ ಕಥೆಯನ್ನು ಸರಿಯಾಗಿ ಓದಿಕೊಂಡೆ. ಫಾತಿಮಾದ ಕಥೆ ಚಿಕ್ಕಂದಿನಿಂದ ಗೊತ್ತು. 1917ರ ಮೇ 13ರಿಂದ ಅಕ್ಟೋಬರ್ 13ರವರೆಗೆ, ಪೋರ್ಚುಗಲ್‌ನ ಫಾತಿಮಾ ಊರಿನ ಕೋವಾ ದ ಇರಿಯಾ ಎಂಬಲ್ಲಿ, ಕುರಿ ಕಾಯುವ ಮೂವರು ಮಕ್ಕಳಿಗೆ ಮಾತೆ ಕಾಣಿಸಿಕೊಂಡರು. ಆದರೆ ಪ್ರತಿಮೆ ಯಾಕೆ ಊರೂರು ಸುತ್ತುತ್ತದೆ ಅನ್ನುವುದು ಗೊತ್ತಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ, 1945ರಲ್ಲಿ, ಬರ್ಲಿನ್‌ನ ಒಬ್ಬ ಪಾದ್ರಿ ಈ ಯೋಚನೆ ಮುಂದಿಟ್ಟರಂತೆ. ಫಾತಿಮಾ ಮಾತೆಯ ಒಂದು ಪ್ರತಿಮೆ ಯುರೋಪಿನ ರಾಜಧಾನಿಗಳಿಗೂ ಧರ್ಮಾಧ್ಯಕ್ಷರ (ಬಿಷಪ್) ನಗರಗಳಿಗೂ ಹೋಗಲಿ ಅಂತ. ಬಾಂಬು ಬಿದ್ದು ಕುಸಿದ ಊರುಗಳವು. ಅಲ್ಲಿನ ಜನ ಯಾತ್ರೆಗೆ ಹೊರಡುವ ಸ್ಥಿತಿಯಲ್ಲೇ ಇರಲಿಲ್ಲ. ಹಾಗಾಗಿ ಮಾತೆಯೇ ಯಾತ್ರೆ ಹೊರಟರು. ಶಿಲ್ಪಿ ಜೋಸೆ ಫೆರೇರಾ ತೆದಿಂ ಅದನ್ನು ಕೆತ್ತಿದರು. ಹೇಗಿರಬೇಕು ಅಂತ ಸೂಚನೆ ಕೊಟ್ಟವರು ಮಾತೆಯನ್ನು ಕಣ್ಣಾರೆ ಕಂಡ ಲೂಸಿಯಾ. 1947ರ ಮೇ 13ರಂದು ಪೋರ್ಚುಗಲ್‌ನ ಎವೊರಾ ನಗರದ ಮಹಾಧರ್ಮಾಧ್ಯಕ್ಷರು ಕಿರೀಟ ತೊಡಿಸಿದ ಮೇಲೆ ಪ್ರತಿಮೆಯ ಪ್ರಯಾಣ ಶುರುವಾಯಿತು.

ಬೇಡಿಕೆ ಜಾಸ್ತಿಯಾದಂತೆ ಅದೇ ಮಾದರಿಯ ಇನ್ನಷ್ಟು ಪ್ರತಿಮೆಗಳು ತಯಾರಾದವು. ಮೊದಲನೆಯದನ್ನು 2003ರ ಡಿಸೆಂಬರ್‌ನಲ್ಲಿ ಫಾತಿಮಾದ ಬೆಸಿಲಿಕಾದಲ್ಲಿ, ಅಂದರೆ ಅಲ್ಲಿನ ಮಹಾದೇವಾಲಯದಲ್ಲಿ, ಇರಿಸಿದರು; ವಿಶೇಷ ಸಂದರ್ಭಗಳಲ್ಲಿ ಮಾತ್ರ ಅದು ಹೊರಗೆ ಹೋಗುತ್ತದೆ. ಈಗ ಊರೂರು ತಿರುಗುವವು ಅದರ ತಂಗಿಯರು ಅನ್ನಬಹುದು.

ಲೂಸಿಯಾ 1948ರಲ್ಲಿ ಕೊಯಿಂಬ್ರಾದ ಕಾರ್ಮೆಲ್ ಮಠ ಸೇರಿದರು. ಅದು ಹೊರಗೆ ಬಾರದ ಸನ್ಯಾಸಿನಿಯರ ಮಠ. 2005ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಉಳಿದಿಬ್ಬರು ಮಕ್ಕಳು ದೊಡ್ಡವರಾಗಲೇ ಇಲ್ಲ. 1918ರ ಮಹಾಜ್ವರ ಇಬ್ಬರನ್ನೂ ಹಿಡಿಯಿತು. ಫ್ರಾನ್ಸಿಸ್ಕೊ 1919ರ ಏಪ್ರಿಲ್‌ನಲ್ಲಿ ತನ್ನ ಮನೆಯಲ್ಲೇ ತೀರಿಕೊಂಡ. ಸಾಯುವ ಹಿಂದಿನ ದಿನ ಪರಮಪ್ರಸಾದವನ್ನು ಅವನ ಹಾಸಿಗೆ ಹತ್ತಿರವೇ ತಂದುಕೊಟ್ಟರು. ಜಸಿಂತಾ 1920ರ ಫೆಬ್ರವರಿಯಲ್ಲಿ, ಮನೆಯಿಂದ ದೂರ, ಲಿಸ್ಬನ್‌ನ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದಳು. ಹತ್ತು ವರ್ಷವೂ ತುಂಬಿರಲಿಲ್ಲ. ಈ ಇಬ್ಬರನ್ನೂ 2017ರ ಮೇ 13ರಂದು ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು. ಫ್ರಾನ್ಸಿಸ್ಕೊನ ಹಾಸಿಗೆಯ ವಿಷಯ ಓದುವಾಗ ನನಗೆ ಮುಂದೆ ಓದಲಾಗಲಿಲ್ಲ. ನಾನು ವಾರವಾರ ಮಾಡುವ ಕೆಲಸವೇ ಅಲ್ವಾ ಅದು. ಮಾತೆಯನ್ನು ಕಂಡ ಮಕ್ಕಳೂ ಹಾಸಿಗೆ ಹಿಡಿದವರೇ ಆಗಿದ್ದರು. ಹಾಗಿರುವಾಗ ಮಾತೆ ನಮ್ಮ ಬೀದಿಗೆ ಬಂದು ಇಂಥವರ ಮನೆ ಹಾಯದೆ ಹೋಗುವುದು ಹೇಗೆ?

ಮರುದಿನ ಸಂಜೆಯೇ ಒಂದು ನೋಟ್‌ಬುಕ್ ಹಿಡಿದು ಹೊರಟೆ. ಪ್ರತಿ ಮನೆಯಲ್ಲೂ ಹಾಸಿಗೆಯ ಪಕ್ಕ ಕೂತು, ಅವರ ತಲೆದಿಂಬಿನ ಎತ್ತರಕ್ಕೆ ನನ್ನ ತಲೆ ಬಗ್ಗಿಸಿ, ಕಿಟಕಿಯಿಂದ ಏನು ಕಾಣುತ್ತದೆ ಅಂತ ನೋಡಿದೆ. ಎಂಟು ವರ್ಷ ಆ ಮನೆಗಳಿಗೆ ಹೋಗಿದ್ದೇನೆ. ಅವರು ದಿನವಿಡೀ ಏನು ನೋಡುತ್ತಾರೆ ಅಂತ ಒಮ್ಮೆಯೂ ನೋಡಿರಲಿಲ್ಲ. ಒಬ್ಬರಿಗೆ ಎದುರು ಮನೆಯ ಗೋಡೆ ಮಾತ್ರ. ಒಬ್ಬರಿಗೆ ಆಕಾಶ ಮತ್ತು ಒಂದು ವಿದ್ಯುತ್ ಕಂಬ. ಒಬ್ಬ ಅಜ್ಜಿಗೆ ಬೀದಿ ಪೂರ್ತಿ ಕಾಣುತ್ತಿತ್ತು. ಆದರೆ ಅವರ ಕಣ್ಣು ಮಂದವಾಗಿತ್ತು. "ಹತ್ತಿರ ಬಂದರೆ ಬಿಳಿ ಬಟ್ಟೆಯಾದರೂ ಕಾಣುತ್ತದೆ ಮಗಾ" ಅಂದರು.

ಲೆಕ್ಕ ಹೀಗೆ ಬಂತು. ಹದಿನೇಳರಲ್ಲಿ ಹನ್ನೊಂದು ಮನೆಗಳ ಕಿಟಕಿ ಅಥವಾ ಬಾಗಿಲಿನ ಮುಂದೆ ಮೆರವಣಿಗೆ ನಿಲ್ಲಬಹುದು. ಮೂವರನ್ನು ಗಾಲಿಕುರ್ಚಿಯಲ್ಲಿ ಚರ್ಚಿಗೇ ಕರೆತರಬಹುದು. ಇಬ್ಬರಿಗೆ ಏನೂ ದಾರಿಯಿಲ್ಲ. ಒಬ್ಬರ ಕೋಣೆ ಕಟ್ಟಡದ ಹಿಂಭಾಗದಲ್ಲಿ, ಮೂರನೇ ಮಹಡಿಯಲ್ಲಿದೆ. ಇನ್ನೊಬ್ಬರು ಆಸ್ಪತ್ರೆ ಸೇರಿದ್ದರು. ಹದಿನೇಳನೆಯವರು ಮಾತ್ರ ಬೇಡ ಅಂದರು.

ಅವರ ವಿಷಯ ಸ್ವಲ್ಪ ಹೇಳಬೇಕು. ನಡು ಬಿದ್ದು ಹಾಸಿಗೆ ಹಿಡಿದು ಮೂರು ವರ್ಷ. ಅವರು ಪರಮಪ್ರಸಾದ ಸ್ವೀಕರಿಸುವುದಿಲ್ಲ, ಅವರ ಹೆಂಡತಿ ಸ್ವೀಕರಿಸುತ್ತಾರೆ. ಆದರೂ ನನ್ನನ್ನು ಹತ್ತಿರ ಕೂರಿಸಿಕೊಂಡು ಊರ ಸುದ್ದಿ ಕೇಳುತ್ತಾರೆ. ಹಿಂದೆ ಇಪ್ಪತ್ತು ವರ್ಷ ನಮ್ಮ ಹಬ್ಬದ ಮೆರವಣಿಗೆಯಲ್ಲಿ ಸಂತರ ಪೀಠ ಹೊತ್ತವರು ಅವರು. ನಾನು ವಿಷಯ ಹೇಳಿದಾಗ ಕಿಟಕಿಯ ಕಡೆ ನೋಡಿದರು. "ನಮ್ಮ ಮನೆ ಮುಂದೆ ನಿಲ್ಲಿಸುವುದು ಬೇಡ" ಅಂದರು. ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ. ನೋಟ್‌ಬುಕ್‌ನಲ್ಲಿ "ನಿಲ್ಲಿಸಬಾರದು" ಅಂತ ಬರೆದುಕೊಂಡೆ.

ಎರಡನೇ ಸಭೆ ಕಷ್ಟದ್ದಾಗಿತ್ತು. ಮೊದಲು ಯೋಚಿಸಿದ್ದ ದಾರಿ 900 ಮೀಟರ್. ನನ್ನ ದಾರಿ 2.3 ಕಿಲೋಮೀಟರ್, ಅದರಲ್ಲಿ ಹನ್ನೊಂದು ಕಡೆ ನಿಲ್ಲಬೇಕು. ಹೊರುವ ತಂಡದ ಹಿರಿಯರು ಒಪ್ಪಲಿಲ್ಲ. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನಿಂತು ನಿಂತು ಹೊರುವುದು ನಡೆದು ಹೊರುವುದಕ್ಕಿಂತ ಕಷ್ಟ. ಭುಜ ಬಿಗಿಯುತ್ತದೆ, ಪೀಠ ವಾಲುತ್ತದೆ. "ಪ್ರತಿಮೆಗೆ ಏನಾದರೂ ಆದರೆ ಯಾರು ಉತ್ತರ ಕೊಡುವುದು?" ಅಂದರು. ಇಡೀ ಸಭೆ ಸುಮ್ಮನಾಯಿತು. ನಾನು ಫ್ರಾನ್ಸಿಸ್ಕೊನ ಕಥೆ ಹೇಳಿದೆ. ಬೇರೆ ವಾದ ನನ್ನ ಹತ್ತಿರ ಇರಲಿಲ್ಲ. ಆಗ ನಮ್ಮ ಧರ್ಮಕೇಂದ್ರದ ಹಿರಿಯ ಬಡಗಿಯೊಬ್ಬರು ಎದ್ದು ಅಂದರು: "ನಿಲ್ಲುವಾಗ ಭುಜದ ಮೇಲೆ ಯಾಕೆ ಇರಬೇಕು? ಕವೆಗೋಲು ಮಾಡೋಣ."

ಕವೆಗೋಲು ಅಂದರೆ ಮೇಲ್ತುದಿಯಲ್ಲಿ ಇಬ್ಭಾಗವಾದ ಊರುಗೋಲು. ಹೊರುವ ಪೀಠಕ್ಕೆ ಎರಡು ಉದ್ದನೆಯ ದಂಡಿಗೆಗಳಿರುತ್ತವೆ. ನಿಲ್ಲುವ ಜಾಗ ಬಂದಾಗ ನಾಲ್ಕು ತುದಿಗಳಿಗೂ ಒಂದೊಂದು ಕೋಲು ಕೊಟ್ಟು ನೆಲಕ್ಕೆ ಊರಿದರೆ ಭಾರವೆಲ್ಲ ಕೋಲಿನ ಮೇಲೆ. ಹೊರುವವರು ಕೈ ಆಧಾರ ಕೊಟ್ಟು ನಿಂತರೆ ಸಾಕು. ಕೇಳಲು ಸುಲಭ. ಮಾಡುವಾಗ ಗೊತ್ತಾಯಿತು, ಅದರಲ್ಲಿ ಎಷ್ಟು ಲೆಕ್ಕವಿದೆ ಅಂತ. ಕೋಲಿನ ಉದ್ದ ಹೊರುವವರ ಭುಜದ ಎತ್ತರಕ್ಕಿಂತ ಒಂದು ಬೆರಳು ಕಡಿಮೆ ಇರಬೇಕು. ಜಾಸ್ತಿಯಾದರೆ ಎಲ್ಲರೂ ದಂಡಿಗೆಯನ್ನು ಎತ್ತಿ ಇಡಬೇಕಾಗುತ್ತದೆ, ಆಗ ಪ್ರತಿಮೆ ಅಲುಗುತ್ತದೆ. ಕವೆಯ ಒಳಗೆ ದಪ್ಪ ಬಟ್ಟೆ ಸುತ್ತಿದರು, ಮರಕ್ಕೆ ಮರ ಜಾರದ ಹಾಗೆ. ಕೆಳತುದಿಗೆ ರಬ್ಬರ್ ಹಾಕೋಣ ಅಂತ ಒಬ್ಬರು ಹೇಳಿದರು. ಬಡಗಿ ಒಪ್ಪಲಿಲ್ಲ. ಕೋಲು ನೆಲ ಮುಟ್ಟಿದ ಸದ್ದು ನಾಲ್ವರಿಗೂ ಕೇಳಬೇಕು, ಆ ಸದ್ದೇ ಲೆಕ್ಕ ಅಂದರು.

ಎಂಟು ಜನ ಹೊರುವುದು, ಪ್ರತಿ ಐದು ನಿಮಿಷಕ್ಕೆ ಇನ್ನೆಂಟು ಜನ ಬದಲಾಗುವುದು ಅಂತ ತೀರ್ಮಾನವಾಯಿತು. ಇಪ್ಪತ್ನಾಲ್ಕು ಜನರ ಭುಜದ ಎತ್ತರವನ್ನು ಗೋಡೆಗೆ ನಿಲ್ಲಿಸಿ ಅಳೆದೆವು. ಗೆಳೆಯರು ಜೊತೆಯಾಗಿ ಹೊರಬೇಕು ಅಂದುಕೊಂಡಿದ್ದರು. ಹಾಗಾಗುವುದಿಲ್ಲ. ಸಮ ಎತ್ತರದವರೇ ಜೋಡಿಯಾಗಬೇಕು. ವರ್ಷಗಟ್ಟಲೆ ಮಾತು ಬಿಟ್ಟಿದ್ದ ಇಬ್ಬರು ಅಣ್ಣತಮ್ಮಂದಿರು ಒಂದೇ ಎತ್ತರ ಬಂದರು. ಒಂದೇ ದಂಡಿಗೆಗೆ ಹೆಗಲು ಕೊಟ್ಟರು. ಮಾತಾಡಿದರೋ ಇಲ್ಲವೋ ನಾನು ನೋಡಲಿಲ್ಲ. ಆದರೆ ಹೆಜ್ಜೆ ಮಾತ್ರ ತಪ್ಪಲಿಲ್ಲ.

ನಾಲ್ಕನೇ ವಾರದಿಂದ ಅಭ್ಯಾಸ. ಪ್ರತಿಮೆಯ ಜಾಗದಲ್ಲಿ, ಅದಕ್ಕಿಂತ ಸ್ವಲ್ಪ ಜಾಸ್ತಿಯೇ ತೂಕದ ಮರಳು ಚೀಲ ಕಟ್ಟಿದೆವು. ಅದರ ಮೇಲೆ ಕಿರೀಟದ ತುದಿಯಷ್ಟು ಎತ್ತರಕ್ಕೆ ಒಂದು ಕೋಲು ನೆಟ್ಟೆವು. ಆ ಕೋಲಿನಿಂದಾಗಿ ನಾವು ಉಳಿದೆವು. ಎರಡನೇ ತಿರುವಿನಲ್ಲಿ ಜೋತುಬಿದ್ದ ಒಂದು ತಂತಿಗೆ ಅದು ತಗುಲಿತು. ಕೆಳಗಿನಿಂದ ನೋಡಿದಾಗ ಎಲ್ಲರೂ "ಸಾಕಷ್ಟು ಎತ್ತರ ಇದೆ" ಅಂದಿದ್ದೆವು. ನೀವು ಎಂದಾದರೂ ಇಂಥ ಕೆಲಸಕ್ಕೆ ಕೈ ಹಾಕಿದರೆ, ದಯವಿಟ್ಟು ಕಣ್ಣಳತೆಯನ್ನು ನಂಬಬೇಡಿ. ನಮ್ಮ ಚರ್ಚಿನ ಮುಖ್ಯ ಬಾಗಿಲಲ್ಲೂ ಹೀಗೇ ಆಯಿತು. ಪೀಠದ ಅಗಲ ಸರಿಯಿತ್ತು. ಅದರ ಎರಡೂ ಪಕ್ಕ ಹೊರುವವರೂ ನಡೆಯಬೇಕು ಅನ್ನುವುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಬಡಗಿ ಮತ್ತೆ ದಂಡಿಗೆಗಳನ್ನು ಒಳಕ್ಕೆ ಸರಿಸಿ ಕೂರಿಸಿಕೊಟ್ಟರು.

ಹೂವಿನ ತಂಡದವರಿಗೂ ಒಂದು ಹೊಸ ಪಾಠ. ಒದ್ದೆ ಹೂವು ಪ್ರತಿಮೆಯ ಬಣ್ಣಕ್ಕೆ ತಾಗಬಾರದು. ಪ್ರತಿಮೆಯ ಕಾಲಿನಿಂದ ಒಂದು ಗೇಣು ಬಿಟ್ಟೇ ಹೂವು ಇಡಬೇಕು. ಹಾರ ಹಾಕುವಂತಿಲ್ಲ. ಹಾರ ಹಾಕುವುದೇ ಭಕ್ತಿ ಅಂದುಕೊಂಡಿದ್ದ ಕೆಲವರಿಗೆ ಬೇಸರವಾಯಿತು. ಬೆಳಕು, ಧ್ವನಿವರ್ಧಕದ ಕೆಲಸ ತಾನಾಗಿ ಸಾಗಿತು. ಅದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ.

ಧರ್ಮೋಪದೇಶ ತರಗತಿಯಲ್ಲಿ ಒಬ್ಬ ಹುಡುಗಿ ಕೇಳಿದಳು: "ನಮ್ಮ ಚರ್ಚಿನಲ್ಲೇ ಮಾತೆಯ ಪ್ರತಿಮೆ ಇದೆಯಲ್ಲ ಸಿಸ್ಟರ್, ಇನ್ನೊಂದು ಯಾಕೆ ಬರಬೇಕು?" ಎಷ್ಟು ಒಳ್ಳೆಯ ಪ್ರಶ್ನೆ! ಸಿಸ್ಟರ್ ಅವಳನ್ನು ಸುಮ್ನೆ ಕೂರಿಸಲಿಲ್ಲ. ಕ್ರಿ.ಶ. 787ರಲ್ಲಿ ನೈಸಿಯಾ ಎಂಬಲ್ಲಿ ಸೇರಿದ ಧರ್ಮಾಧ್ಯಕ್ಷರ ಎರಡನೇ ಮಹಾಸಭೆ ಏನು ಹೇಳಿತು ಅಂತ ಸರಳವಾಗಿ ವಿವರಿಸಿದರು. ಪ್ರತಿಮೆಗೆ ಕೊಡುವ ಗೌರವ ಮರದಲ್ಲಿ ನಿಲ್ಲುವುದಿಲ್ಲ, ಅದು ಯಾರ ರೂಪವೋ ಅವರಿಗೆ ಸಲ್ಲುತ್ತದೆ. ಆರಾಧನೆ ದೇವರೊಬ್ಬರಿಗೇ. ಆಮೇಲೆ ಸಿಸ್ಟರ್ ಒಂದು ಮಾತು ಸೇರಿಸಿದರು. "ನಮ್ಮ ಚರ್ಚಿನ ಪ್ರತಿಮೆಯ ಹತ್ತಿರ ನಾವು ಹೋಗುತ್ತೇವೆ. ಇದು ನಮ್ಮ ಹತ್ತಿರ ಬರುತ್ತಿದೆ. ಮನೆಗೆ ಯಾರಾದರೂ ಬರುತ್ತಾರೆ ಅಂದರೆ ನೀನು ಏನು ಮಾಡುತ್ತೀಯ?" ಹುಡುಗಿ ಅಂದಳು: "ಕಸ ಗುಡಿಸುತ್ತೇನೆ." ಆ ವಾರವೇ ಗುರುಗಳ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಕೇಳುವ ಪಾಪನಿವೇದನೆಯ ಸಾಲು ಶುರುವಾಗಿತ್ತು. ಫಾದರ್ ತಮ್ಮ ಪ್ರಸಂಗದಲ್ಲಿ ಹುಡುಗಿಯ ಅದೇ ಮಾತನ್ನು ಎತ್ತಿಕೊಂಡರು. ಸಾಲು ಇನ್ನೂ ಉದ್ದವಾಯಿತು. ಅಕ್ಕಪಕ್ಕದ ಧರ್ಮಕೇಂದ್ರಗಳಿಂದ ಇಬ್ಬರು ಗುರುಗಳು ಸಹಾಯಕ್ಕೆ ಬರಬೇಕಾಯಿತು.

ರಾತ್ರಿ ಜಾಗರಣೆಯ ಪಟ್ಟಿ ಬರೆಯುವುದೂ ನನ್ನ ಪಾಲಿಗೆ ಬಂದಿತ್ತು. ಗಂಟೆಗೊಂದು ಗುಂಪು ಜಪಸರ ಹೇಳಬೇಕು. ಹನ್ನೊಂದರವರೆಗೆ ಜನವೋ ಜನ. ಬೆಳಗಿನ ಜಾವ ಎರಡರಿಂದ ನಾಲ್ಕರವರೆಗೆ ಮಾತ್ರ ಪಟ್ಟಿ ಖಾಲಿ. ಎರಡು ವಾರ ಖಾಲಿಯೇ ಇತ್ತು. ಕೊನೆಗೆ ಅದನ್ನು ತುಂಬಿದವರು ಯಾರು ಗೊತ್ತಾ? ರೋಗಿಗಳನ್ನು ನೋಡಿಕೊಳ್ಳುವ ಮನೆಯವರು. "ಆ ಹೊತ್ತಿಗೆ ಹೇಗೂ ಎದ್ದಿರುತ್ತೇವೆ, ಔಷಧಿ ಕೊಡಬೇಕಲ್ಲ. ಒಂದು ಗಂಟೆ ಬೇರೆ ಯಾರಾದರೂ ಮನೆಯಲ್ಲಿ ಕೂತರೆ ನಾವು ಬರುತ್ತೇವೆ" ಅಂದರು. ಯುವಕರ ಗುಂಪು ಆ ಮನೆಗಳಲ್ಲಿ ಕೂರಲು ಒಪ್ಪಿತು. ಕಿಟಕಿಯಿಂದ ನೋಡಲಾಗದ ಆ ಇಬ್ಬರ ಕೋರಿಕೆಗಳನ್ನು ನಾನು ಬರೆದು ತಂದಿದ್ದೆ. ಅವನ್ನು ಈ ಎರಡು ಗಂಟೆಯಲ್ಲೇ ಓದಿ ಪ್ರಾರ್ಥಿಸುವುದು ಅಂತ ಇಟ್ಟುಕೊಂಡೆವು.

ಆ ಶನಿವಾರ ಬಂತು. ಮಧ್ಯಾಹ್ನ ಮೋಡ ಕವಿಯಿತು. ಮಳೆಗಾಗಿ ಪಾರದರ್ಶಕ ಹೊದಿಕೆ ಹೊಲಿಸಿಟ್ಟಿದ್ದೆವು, ತೆಗೆಯಬೇಕಾಗಿ ಬರಲಿಲ್ಲ. ನಾಲ್ಕು ಗಂಟೆಗೆ ಬರಬೇಕಿದ್ದ ವಾಹನ ಐದಕ್ಕೆ ಹತ್ತು ನಿಮಿಷ ಇರುವಾಗ ಬಂತು. ಪಾಲಕರು ಬಿಳಿ ಕೈಗವಸು ಹಾಕಿಕೊಂಡು ಪೆಟ್ಟಿಗೆ ತೆರೆದರು. ಪ್ರತಿಮೆ ನಾನು ಊಹಿಸಿದ್ದಕ್ಕಿಂತ ಚಿಕ್ಕದು. ಕಿರೀಟ ಬೇರೆ ಪೆಟ್ಟಿಗೆಯಲ್ಲಿತ್ತು. ಕಿರೀಟವಿಲ್ಲದೆ, ಬಿಳಿ ಸೆರಗು ಹೊದ್ದು, ಕೈಮುಗಿದು ನಿಂತ ಆ ಮುಖವನ್ನು ಆ ಎರಡು ನಿಮಿಷ ನೋಡಿದ್ದು ಐದಾರು ಜನ ಮಾತ್ರ. ಅದರಲ್ಲಿ ನಾನೂ ಒಬ್ಬಳು. ಹಗಲೆಲ್ಲ ಕೆಲಸದ ಗಡಿಬಿಡಿಯಲ್ಲಿದ್ದವಳಿಗೆ ಆಗ ಕಣ್ಣು ತುಂಬಿತು.

ಮೆರವಣಿಗೆ ಒಂದೂವರೆ ಗಂಟೆ ಅಂದುಕೊಂಡಿದ್ದೆವು. ಎರಡು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು. ಪ್ರತಿ ಕಿಟಕಿಯ ಮುಂದೆ ನಾಲ್ಕು ಕೋಲು ನೆಲಕ್ಕೆ ಊರುತ್ತಿದ್ದವು. ಹಾಡು ನಿಲ್ಲುತ್ತಿತ್ತು. ಫಾದರ್ ಒಳಗೆ ಹೋಗಿ ರೋಗಿಯ ಹಣೆಗೂ ಕೈಗಳಿಗೂ ಪವಿತ್ರ ತೈಲ ಹಚ್ಚಿ ಬರುತ್ತಿದ್ದರು. ಹೊರಗೆ ನೂರಾರು ಜನ ಮೇಣದಬತ್ತಿ ಹಿಡಿದು ಮೌನವಾಗಿ ನಿಂತಿರುತ್ತಿದ್ದರು. ಬೀದಿಯಲ್ಲಿ ಅಷ್ಟು ಜನ ಒಬ್ಬ ರೋಗಿಗಾಗಿ ಕಾಯುವುದನ್ನು ನಾನು ಹಿಂದೆ ಕಂಡಿಲ್ಲ. ಕಣ್ಣು ಮಂದವಾಗಿದ್ದ ಅಜ್ಜಿಯ ಮನೆಯ ಮುಂದೆ ಹೊರುವವರು ತಾವಾಗಿಯೇ ಪೀಠವನ್ನು ಇನ್ನೂ ನಾಲ್ಕು ಹೆಜ್ಜೆ ಕಿಟಕಿಯ ಹತ್ತಿರ ಒಯ್ದರು. ಯಾರೂ ಹೇಳಿರಲಿಲ್ಲ. ಅಜ್ಜಿ ಕಿಟಕಿಯ ಸರಳಿನ ನಡುವಿಂದ ಕೈ ಚಾಚಿದರು. ಮುಟ್ಟಲಿಲ್ಲ. ಚಾಚಿದ ಕೈಯನ್ನು ಹಾಗೇ ಹಿಡಿದಿದ್ದರು. "ಕಾಣುತ್ತಿದೆಯಾ ಅಜ್ಜಿ?" ಅಂತ ಮೊಮ್ಮಗ ಕೇಳಿದ. "ಬಿಳಿ ಕಾಣುತ್ತಿದೆ" ಅಂದರು.

ಬೇಡ ಅಂದವರ ಮನೆ ಮುಂದೆ ನಾವು ನಿಲ್ಲಲಿಲ್ಲ. ಹಾಡಿನ ದನಿ ಸ್ವಲ್ಪ ತಗ್ಗಿಸಿ ದಾಟಿದೆವು. ಪರದೆ ಮುಚ್ಚಿತ್ತು. ಅದರ ಪಕ್ಕದ ಮನೆ ನಮ್ಮ ಒಂಬತ್ತನೇ ನಿಲುಗಡೆ. ಅಲ್ಲಿ ಪೀಠ ಊರಿದಾಗ ಹಿಂದಿನ ಒಂದು ಕೋಲು ಸಣ್ಣ ಕಲ್ಲಿನ ಮೇಲೆ ಬಿದ್ದು ಜಾರಿತು. ತಕ್ಷಣ ಸರಿಮಾಡಿದರು. ಏನೂ ಆಗಲಿಲ್ಲ.

ರಾತ್ರಿ ಮೂರು ಗಂಟೆಗೆ ಆ ಇಬ್ಬರ ಕೋರಿಕೆಗಳನ್ನು ಓದುವಾಗ ಚರ್ಚಿನಲ್ಲಿ ಹತ್ತೊಂಬತ್ತು ಜನ ಇದ್ದೆವು. ಭಾನುವಾರ ಮಧ್ಯಾಹ್ನ ವಾಹನ ಹೊರಡುವಾಗ, ಫಾತಿಮಾದಲ್ಲಿ ಮಾಡುವ ಹಾಗೆ, ಎಲ್ಲರೂ ಬಿಳಿ ಕರವಸ್ತ್ರ ಬೀಸಿದರು. ಗಾಲಿಕುರ್ಚಿಯಲ್ಲಿದ್ದ ಮೂವರನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದ್ದೆವು.

ಮುಂದಿನ ಭಾನುವಾರ ಎಂದಿನಂತೆ ಹದಿನೇಳು ಮನೆಗಳಿಗೆ ಹೊರಟೆ. ಆ ಹಿರಿಯರ ಹಾಸಿಗೆಯ ಪಕ್ಕ ಕೂತಾಗ ಅವರು ಮೊದಲು ಬೇರೆ ಏನೇನೋ ಮಾತಾಡಿದರು. ನಾನು ಏಳುವ ಹೊತ್ತಿಗೆ ಕೇಳಿದರು: "ಪಕ್ಕದ ಮನೆ ಹತ್ತಿರ ಒಂದು ಕೋಲು ತಡವಾಗಿ ಊರಿತಲ್ಲ?"

ಹೌದು, ಕಲ್ಲಿನ ಮೇಲೆ ಜಾರಿತು ಅಂದೆ.

"ಮೂರು ಸದ್ದು ಒಟ್ಟಿಗೆ ಬಂತು. ನಾಲ್ಕನೆಯದು ಬರಲಿಲ್ಲ. ನನ್ನ ಎದೆ ಹೊಡೆದುಕೊಂಡಿತು" ಅಂದರು. ಸ್ವಲ್ಪ ತಡೆದು ಹೇಳಿದರು: "ಊರುವ ಮೊದಲು ಕಾಲಿನಿಂದ ನೆಲ ಸವರಿ ನೋಡಬೇಕು. ಹುಡುಗರಿಗೆ ಹೇಳಿ."

ನೋಟ್‌ಬುಕ್ ತೆಗೆದು, ಅವರ ಎದುರಿಗೇ ಅದನ್ನು ಬರೆದುಕೊಂಡೆ.